ಹತ್ತು ಗುಂಡು, ಒಂಬತ್ತು ತೂತು

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಭಾನುವಾರಕ್ಕೂ ಒಂದು ಪುಟವಿದೆ. ಎಡಗಡೆ ಗುಂಡಿನ ಸಂಖ್ಯೆ, ನಡುವೆ ಅದು ಗುರಿಯ ಕಾಗದದಲ್ಲಿ ಎಲ್ಲಿ ಬಿತ್ತು ಎಂಬ ಗುರುತು, ಬಲಗಡೆ ಗಾಳಿ ಹೇಗಿತ್ತು ಎಂಬ ಟಿಪ್ಪಣಿ. ಇಷ್ಟು ಪುಟಗಳಲ್ಲಿ ಒಂದೇ ಒಂದು ಸಾಲು ಸುಳ್ಳು. ಅದು ಹೇಗೆ ಬಂತು ಎಂಬುದನ್ನು ಇಲ್ಲಿ ಬರೆಯುತ್ತೇನೆ.

ನಾವು ಅಭ್ಯಾಸ ಮಾಡುವುದು ರಾಮಗಿರಿಯ ಆಚೆ, ಒಂದು ಕಲ್ಲುಗುಡ್ಡದ ಬುಡದಲ್ಲಿ. ಐವತ್ತು ಮೀಟರ್ ದೂರಕ್ಕೆ ಗುರಿ ನಿಲ್ಲಿಸುವ ಕಟ್ಟಿಗೆಯ ಚೌಕಟ್ಟು, ಅದರ ಹಿಂದೆ ಆಳುದ್ದಕ್ಕಿಂತ ಎತ್ತರದ ಮಣ್ಣಿನ ದಿಬ್ಬ, ಅದರ ಹಿಂದೆ ಗುಡ್ಡ. ಕಲಿಸುವವರು ಸೈನ್ಯದಿಂದ ನಿವೃತ್ತರಾದವರು. ನಾವು ಐದಾರು ಜನ ಅವರನ್ನು ಸಾರ್ ಎನ್ನುತ್ತೇವೆ.

ನನಗೆ ರೈಫಲ್ಲಿನ ಸದ್ದಿಗೆ ಭಯ. ಚಿಕ್ಕ ಗುಂಡಿನ ರೈಫಲ್ಲೇ, ಭುಜಕ್ಕೆ ಬೀಳುವ ಪೆಟ್ಟೂ ಹೇಳಿಕೊಳ್ಳುವಂಥದ್ದಲ್ಲ. ಆದರೂ ಟ್ರಿಗರ್ ಒತ್ತುವ ಕ್ಷಣಕ್ಕೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಭುಜ ಹಿಂದಕ್ಕೆ ಸರಿಯುತ್ತಿತ್ತು. ಮಲಗಿ ಹೊಡೆಯುವಾಗ ತಪ್ಪಿದರೆ ಮೊಣಕೈ ಜಾರಿತು ಎನ್ನುತ್ತಿದ್ದೆ, ಉಸಿರು ತಪ್ಪಿತು ಎನ್ನುತ್ತಿದ್ದೆ. ಒಂದು ದಿನ ಸಾರ್ ರೇಗಿದರು.

"ನಿನ್ ನೆಪಗಳನ್ನೂ ಬುಕ್ಕಲ್ಲಿ ಬರ್ಕಂಡಿದ್ರೆ ಇಷ್ಟೊತ್ತಿಗೆ ಮೂರು ಬುಕ್ ತುಂಬಿರವು. ಬೆಂಚಿಗೆ ಬಾರಮ್ಮ. ಅಲ್ಲಿ ಒಂದೂ ನಡಿಯಲ್ಲ."

ಬೆಂಚು ಎಂದರೆ ಮೂರು ಕಾಲಿನ ಮೇಲೆ ಕೂರಿಸಿದ ಕಲ್ಲುಚಪ್ಪಡಿ. ಮೂರೇ ಕಾಲು, ಏಕೆಂದರೆ ನೆಲ ಹೇಗಿದ್ದರೂ ಅದು ಅಲುಗಾಡುವುದಿಲ್ಲ. ಮುಂದೆ ಮರಳಿನ ಚೀಲ, ಹಿಂದೆ ರಾಗಿ ತುಂಬಿದ ಸಣ್ಣ ಚೀಲ. ಮುಂದಿನ ಚೀಲದ ಮೇಲೆ ರೈಫಲ್ಲಿನ ಮರದ ಭಾಗ ಕೂರಬೇಕು, ನಳಿಕೆ ತಾಗಬಾರದು. ತಾಗಿದರೆ ಪ್ರತಿ ಗುಂಡೂ ಬೇರೆ ಕಡೆ ಹೋಗುತ್ತದೆ. ಭುಜಕ್ಕೆ ಆನಿಸುವ ಹಿಡಿ ಕೂರುವುದು ರಾಗಿಯ ಮೇಲೆ. ಎಡಗೈಯಲ್ಲಿ ಆ ಚೀಲವನ್ನು ಮೆಲ್ಲಗೆ ಹಿಂಡಿದರೆ ಹಿಡಿ ಕೂದಲೆಳೆಯಷ್ಟು ಏರುತ್ತದೆ, ಗುರಿ ಅಷ್ಟೇ ಇಳಿಯುತ್ತದೆ. ಧರ್ಮಪುರದ ಹುಡುಗನೊಬ್ಬ ಶೇಂಗಾ ಸಿಪ್ಪೆ ತುಂಬಿ ನೋಡಿದ್ದ. ಅದು ಪುಟಿಯುತ್ತಿತ್ತು. ರಾಗಿ ಕೂತರೆ ಕೂತಿತು. ಕೆನ್ನೆ ಪ್ರತಿ ಸಲವೂ ಮರದ ಅದೇ ಜಾಗಕ್ಕೆ ಬರಬೇಕು, ಉಸಿರು ಅರ್ಧ ಬಿಟ್ಟು ನಿಲ್ಲಿಸಬೇಕು, ಗುಂಡು ಹಾರಿದ ಮೇಲೂ ಮೂರು ಎಣಿಸುವವರೆಗೆ ಕಣ್ಣು ಗುರಿಯನ್ನು ಬಿಡಬಾರದು.

ಬೆಂಚಿಗೆ ಬಂದ ಮೇಲೆ ಹತ್ತೂ ತೂತುಗಳು ಅಂಗೈಯಗಲದೊಳಗೆ ಬೀಳತೊಡಗಿದವು. ಎರಡು ತಿಂಗಳಲ್ಲಿ ಅಷ್ಟೂ ಒಂದು ಬಾಟಲಿ ಮುಚ್ಚಳದಡಿ ಅಡಗುವಷ್ಟಾದವು. ಹೊಸದುರ್ಗದಲ್ಲಿ ನಡೆಯಲಿದ್ದ ಸ್ಪರ್ಧೆಗೆ ಸಾರ್ ನನ್ನ ಹೆಸರು ಕೊಟ್ಟರು. ಕಣ್ಣು ಮಾತ್ರ ಹತ್ತರಲ್ಲಿ ಒಂದೆರಡು ಸಲ ಈಗಲೂ ಮುಚ್ಚುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಹತ್ತು ಗುಂಡು ಹೊಡೆದು, ರೈಫಲ್ ಖಾಲಿ ಮಾಡಿಟ್ಟು, ಕಾಗದ ತರಲು ಹೋದೆ. ತೂತು ಒಂಬತ್ತೇ ಇದ್ದವು. ಕಾಗದವನ್ನು ಬಿಸಿಲಿಗೆ ಹಿಡಿದು ಎಣಿಸಿದೆ. ತಿರುಗಿಸಿ ಎಣಿಸಿದೆ. ಬೆಂಚಿನ ಕೆಳಗೆ ಖಾಲಿ ತೋಟಾಗಳು ಹತ್ತು ಬಿದ್ದಿದ್ದವು.

ಸಾರ್ ಕಾಗದ ನೋಡಿ ನಕ್ಕರು. "ಎರಡು ಒಂದೇ ತೂತಲ್ಲಿ ಹೋಗ್ಯಾವೆ ಬಿಡು. ಇಷ್ಟು ಒತ್ತಾಗಿ ಹೊಡದ್ರೆ ಹಂಗೇ ಆಗೋದು. ಬರ್ಕ, ಬರ್ಕ."

ಬರೆದೆ: ಏಳನೆಯದು, ಆರನೆಯದರ ತೂತಿನಲ್ಲೇ.

ಏಳನೆಯದು ಹಾಗೆ ಹೋಗಿರಲಿಲ್ಲ. ಏಳನೆಯದಕ್ಕೆ ನನ್ನ ಕಣ್ಣು ಮುಚ್ಚಿತ್ತು, ಭುಜ ಸರಿದಿತ್ತು, ಹಿಡಿ ರಾಗಿ ಚೀಲದಿಂದ ಜಾರಿ ಕಲ್ಲಿಗೆ ಟಕ್ ಎಂದು ಬಡಿದಿತ್ತು. ಹಿಡಿ ಕೆಳಗೆ ಬಿದ್ದರೆ ನಳಿಕೆ ಮೇಲೇಳುತ್ತದೆ. ಹಿಡಿ ಮೂರು ಬೆರಳಷ್ಟು ಇಳಿದರೆ ಐವತ್ತು ಮೀಟರಿನಲ್ಲಿ ಎಷ್ಟು ಎತ್ತರ ಎಂದು ಪುಟದ ಹಿಂದೆ ಲೆಕ್ಕ ಹಾಕಿದೆ. ದಿಬ್ಬವನ್ನು ದಾಟುವಷ್ಟು. ದಿಬ್ಬದ ಹಿಂದೆ ಗುಡ್ಡವೇನೋ ಇದೆ, ಆದರೆ ನಮ್ಮ ಎಡಗಡೆಗೆ ಅದು ತಗ್ಗಿ ಒಂದು ಸಂದಾಗಿದೆ. ಆ ಸಂದಿನ ಆಚೆ ಗಂಡಹೆಂಡತಿ ಇಬ್ಬರು ಕುರಿ ಮೇಯಿಸುವುದನ್ನು ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೆ.

ಮನೆಗೆ ಹೋಗುತ್ತೇನೆಂದು ಸಾರ್‌ಗೆ ಹೇಳಿ ಗುಡ್ಡ ಬಳಸಿ ನಡೆದೆ. ಕಲ್ಲುಗಳ ನಡುವೆ ಕೆಂಪಗೆ ಏನು ಕಂಡರೂ ನಿಲ್ಲುತ್ತಿದ್ದೆ. ಒಂದು ಸಲ ಹರಿದ ರವಿಕೆಯ ಚೂರು, ಇನ್ನೊಂದು ಸಲ ಬರೀ ಮಣ್ಣು. ಮಧ್ಯಾಹ್ನವೆಲ್ಲ ಹುಡುಕಿದೆ; ಕುರಿಯೂ ಇಲ್ಲ, ಮನುಷ್ಯರೂ ಇಲ್ಲ. ಸಂಜೆಯ ಹೊತ್ತಿಗೆ ಅವರ ಕುರಿರೊಪ್ಪ ಸಿಕ್ಕಿತು. ಮುಳ್ಳುಬೇಲಿಯ ಬಾಗಿಲಲ್ಲಿ ಹೆಂಗಸು ಒಬ್ಬಳೇ ನಿಂತು ಕುರಿಗಳನ್ನು ಒಳಗೆ ಬಿಡುತ್ತಿದ್ದಳು.

"ಅಮ್ಮಾ, ನಿಮ್ಮ ಕುರಿ ಎಷ್ಟು ಅವೆ?" ಎಂದೆ. ಬೇರೆ ಹೇಗೆ ಕೇಳಬೇಕೆಂದು ತೋಚಲಿಲ್ಲ.

ಆಕೆ ಕೋಲು ನೆಲಕ್ಕೆ ಕುಟ್ಟಿದಳು. "ಥೂ, ಯಾರವ್ವ ನೀನು? ದೀಪ ಹಚ್ಚೋ ಹೊತ್ನಾಗೆ ಬಂದು ಕುರಿ ಲೆಕ್ಕ ಕೇಳ್ತೀಯಲ್ಲ! ಎಣಿಸಿದ್ರೆ ಕಣ್ಣು ತಾಗ್ತೈತೆ ಅನ್ನೋದೂ ಗೊತ್ತಿಲ್ವ?"

"ಎಲ್ಲಾ ಬಂದವಾ ಅಂತ, ಅಷ್ಟೇ."

"ಬರ್ತಾ ಅವೆ, ಕಾಣ್ತಿಲ್ವ? ಮಕ ನೋಡಿದ್ರೆ ಸಾಕು ನಂಗೆ, ಲೆಕ್ಕ ಯಾಕೆ? ಕುಂತ್ಕ ಅಲ್ಲಿ."

ಕುಳಿತೆ. ಒಂದೊಂದೇ ಕುರಿ ಬೇಲಿಯ ಬಾಗಿಲಲ್ಲಿ ನುಗ್ಗುತ್ತಿತ್ತು. ಆಕೆ ಪ್ರತಿಯೊಂದರ ಬೆನ್ನು ಮುಟ್ಟಿ ಬಿಡುತ್ತಿದ್ದಳು. ಎಣಿಸಬಾರದೆಂದು ನಾಲಿಗೆ ಕಚ್ಚಿಕೊಂಡೆ. ಇಪ್ಪತ್ತರ ಆಸುಪಾಸಿನಲ್ಲಿ ಆಕೆ ತಿರುಗಿ ನೋಡಿದಳು.

"ತುಟಿ ಅಲ್ಲಾಡ್ತಾವೆ ನಿನ್ವು! ಮುಚ್ಕ!"

ದುಪಟ್ಟಾದಿಂದ ಬಾಯಿ ಒತ್ತಿಕೊಂಡೆ. ಎಲ್ಲ ಕುರಿಯೂ ಒಳಗೆ ಹೋದ ಮೇಲೆ ಆಕೆ ಬೇಲಿ ಎಳೆದು, "ಬಂದ್ವು" ಎಂದಳು. ಆಗ ಆಕೆ ಗುಡ್ಡದ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. "ಇವ್ನೊಬ್ಬ ಬರ್ಲಿಲ್ಲ ನೋಡು. ಮರಿಗೆ ಸೊಪ್ಪು ತರ್ತೀನಿ ಅಂತ ಬೆಳಿಗ್ಗೆ ಆ ಸಂದಿನ ಕಡೀಗೆ ಹೋದೋನು."

ಅಲ್ಲಿಂದ ಎಷ್ಟು ಹೊತ್ತು ಕೂತೆನೋ ನನ್ನ ಬುಕ್ಕಿನಲ್ಲಿಲ್ಲ. ಗಡಿಯಾರ ನೋಡಲು ಧೈರ್ಯವಾಗಲಿಲ್ಲ. ಆಕೆ ಒಲೆಗೆ ಪುಳ್ಳೆ ಒಟ್ಟುತ್ತ, ಅವನಿಗೆ ಊರಲ್ಲಿ ಯಾರಾದರೂ ಚಹಾ ಕುಡಿಸಿದರೆ ಹೆಂಡತಿಯ ನೆನಪೇ ಇರುವುದಿಲ್ಲ ಎಂದು ಬೈಯುತ್ತಿದ್ದಳು. ನಾನು ಹ್ಞೂಂ ಎನ್ನುತ್ತಿದ್ದೆ. ಹೇಳಬೇಕಾದದ್ದನ್ನು ಬಿಟ್ಟು, ಅವನಿಗೆ ಫೋನ್ ಮಾಡಿ ಎಂದೆ. ಅವನ ಫೋನು ಗುಡಿಸಲೊಳಗೆ ಗೂಟಕ್ಕೆ ನೇತುಹಾಕಿದ ಚೀಲದಲ್ಲೇ ಬಡಿದುಕೊಂಡಿತು.

ಮೊದಲು ಕಂಡಿದ್ದು ಸೊಪ್ಪಿನ ಹೊರೆ. ಅದರ ಕೆಳಗೆ ಎರಡು ಕಾಲು. ನಾನು ಅಳಲು ಶುರುಮಾಡಿದೆ.

"ಏನಾತೇ? ಯಾರಿದು?" ಎಂದು ಆತ ಹೊರೆ ಇಳಿಸಿದ.

ಎಲ್ಲ ಹೇಳಿದೆ. ಕಣ್ಣು ಮುಚ್ಚಿದ್ದು, ಹಿಡಿ ಜಾರಿದ್ದು, ಬುಕ್ಕಿನಲ್ಲಿ ಬರೆದ ಸುಳ್ಳು. ಹೆಂಗಸಿನ ಕೈಯಲ್ಲಿದ್ದ ಪುಳ್ಳೆ ಹಾಗೇ ನಿಂತಿತು. ಆತ ಸಂದಿನ ಕಡೆ ಒಮ್ಮೆ ನೋಡಿ, ತನ್ನ ಎದೆ ಸವರಿಕೊಂಡ.

"ಏನೋ ಚುಯ್ ಅಂತು. ಜೀರುಂಡೆ ಅನ್ಕಂಡೆ."

ಬೈಯುತ್ತಾನೆಂದು ಕಾದೆ. ಆತ ಹೆಂಡತಿಗೆ ಹೇಳಿದ: "ನಾಳೆಯಿಂದ ಆ ಕಡೀಗೆ ಬ್ಯಾಡ ಕಣೆ. ಕೆರೆ ಕಡೆ ಹೊಡ್ಕಂಡು ಹೋಗಾಣ."

"ಕೆರೆ ಕಡೆ ಏನೈತೆ? ಬರೀ ಜಾಲಿ! ಹುಲ್ಲಿರೋದೇ ಅಲ್ಲಿ," ಎಂದಳು ಆಕೆ. ಆಮೇಲೆ ನನ್ನನ್ನು ನೋಡಿ ಕೈಯಲ್ಲಿದ್ದ ಪುಳ್ಳೆಯನ್ನು ಒಲೆಗೆ ತುರುಕಿದಳು.

ಮರುದಿನ ಬೆಳಿಗ್ಗೆಯೇ ಸಾರ್ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. "ನಾನೂ ದಿಬ್ಬ ನೋಡದೇನೇ ಬರ್ಕ ಅಂದ್ನಲ್ಲ" ಎಂದರು. ಆಮೇಲೆ, "ದಿಬ್ಬ ಎತ್ತರ ಮಾಡಿ, ಬೆಂಚಿನ ಮೇಲೆ ಗುಂಡು ತಡೆಯೋ ಅಡ್ಡಹಲಗೆ ಕಟ್ಟೋವರ್ಗೂ ಒಂದು ಗುಂಡೂ ಹಾರಂಗಿಲ್ಲ. ಹೊಸದುರ್ಗ ಈ ವರ್ಷ ಇಲ್ಲ ಅನ್ಕ" ಎಂದರು.

"ಗೊತ್ತು ಸಾರ್. ಕುರಿಯೋರಿಗೆ ನೀವೇ ಬಂದು ಹೇಳ್ಬೇಕು, ಇನ್ನು ಭಯ ಇಲ್ಲ, ಆ ಸಂದಿನ ಕಡೆನೇ ಮೇಯಿಸ್ರಿ ಅಂತ."

ಅವರು ಚಪ್ಪಲಿ ಮೆಟ್ಟಿಕೊಂಡರು. ಹೊರಡುವ ಮುಂಚೆ ನನ್ನ ಬುಕ್ಕು ಕೇಳಿ, ಆ ಪುಟ ತೆಗೆದು, ಪೆನ್ನಿನ ಸಮೇತ ನನಗೇ ವಾಪಸ್ಸು ಕೊಟ್ಟರು. ಬಾಗಿಲಲ್ಲಿ ನಿಂತೇ ಸಾಲು ಹೊಡೆದುಹಾಕಿ ಬರೆದೆ: ಏಳನೆಯದು, ಕಣ್ಣು ಮುಚ್ಚಿ ಹೊಡೆದದ್ದು, ದಿಬ್ಬ ದಾಟಿತು, ಒಬ್ಬರು ಆಚೆ ಇದ್ದರು.