ಮಾವ ಊಟಕ್ಕೆ ಕೂತಾಗ ಕೇಳಿದ ಮಾತು

ನಮ್ಮ ಸೋದರಮಾವನ ಕೈ ಸದಾ ನಡುಗುತ್ತಿತ್ತು. ಚಹಾ ಕೊಟ್ಟರೆ ಕಪ್ಪು ಬಸಿಗಳೆರಡೂ ಕಟಕಟ ಸದ್ದು ಮಾಡುತ್ತಿದ್ದವು. ಹೀಗಾಗಿ ಅವ್ವ ಅವನಿಗೆ ಅರ್ಧ ಕಪ್ಪು ಹಾಕಿ, ಅದು ಮುಗಿದ ಮೇಲೆ ಮತ್ತೆ ಅರ್ಧ ಹಾಕುತ್ತಿದ್ದಳು. ಅದೇ ಕೈ ಸುಟ್ಟ ಬೋರ್‌ವೆಲ್ ಮೋಟಾರಿಗೆ ತಾಮ್ರದ ತಂತಿ ಸುತ್ತಲು ಹೊರಟರೆ ಮಾತ್ರ ಹದಕ್ಕೆ ಬರುತ್ತಿತ್ತು. ಮೊಣಕೈಯನ್ನು ತೊಡೆಗೆ ಊರಿ, ನಾಲಿಗೆ ತುದಿ ಕಚ್ಚಿಕೊಂಡು ಕೂತನೆಂದರೆ ಪಕ್ಕದಲ್ಲಿ ಬಸ್ಸು ಗುದ್ದಿದರೂ ತಿರುಗಿ ನೋಡುವವನಲ್ಲ.

ಅವನ ಮನೆ ಸೂಡಿಯಲ್ಲಿ, ಮೋಟಾರು ರಿಪೇರಿ ಅಂಗಡಿ ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ. ಒಬ್ಬನೇ ಇರುತ್ತಿದ್ದ. ಅವನ ಹೆಂಡತಿ ಬಹಳ ಹಿಂದೆ ತೀರಿಕೊಂಡಳೆಂದು ನಾವು ಕೇಳಿದ್ದೆವು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ, ಬರುವಾಗ ನನ್ನ ತಂಗಿಗೆಂದು ಒಂದು ಪೊಟ್ಟಣ ಬೆಲ್ಲದ ಶೇಂಗಾಚಿಕ್ಕಿ ತಪ್ಪುತ್ತಿರಲಿಲ್ಲ. ಆಕೆ ಕಾಲೇಜಿಗೆ ಹೋಗುವ ವಯಸ್ಸಿಗೆ ಬಂದರೂ ಚಿಕ್ಕಿ ನಿಲ್ಲಲಿಲ್ಲ. ಊಟವಾದ ಮೇಲೆ ಅಂಗಿಯ ಕಿಸೆಯಿಂದ ಒಂದು ಗುಳಿಗಿ ತೆಗೆದು ನುಂಗುತ್ತಿದ್ದ. ಕೇಳಿದರೆ ಅವ್ವ ಮುಂದಾಗಿ “ಬಿಪಿದು” ಎಂದು ಹೇಳಿಬಿಡುತ್ತಿದ್ದಳು.

ತಂಗಿ ರೋಣದ ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದಳು. ಮನೆಯಲ್ಲಿ ಅವಳಷ್ಟು ಮಾತಿನವರು ಯಾರೂ ಇರಲಿಲ್ಲ. ಬಸ್ಸಿನಲ್ಲಿ ನಡೆದದ್ದನ್ನು ಸಂಜೆ ಕಂಡಕ್ಟರನ ದನಿಯಲ್ಲಿ ಅಭಿನಯಿಸಿ ತೋರಿಸಿ ಅಪ್ಪನನ್ನೂ ನಗಿಸುತ್ತಿದ್ದಳು. ಆ ವರ್ಷ ದೀಪಾವಳಿ ಮುಗಿದ ಮೇಲೆ ಮಾತು ಕಡಿಮೆಯಾಯಿತು. ಗೆಳತಿಯರ ಫೋನು ಬಂದರೆ ಎತ್ತುತ್ತಿರಲಿಲ್ಲ. ಫೋನಿನ ಕ್ಯಾಮೆರಾದ ಮೇಲೆ ಪ್ಲಾಸ್ಟರ್ ತುಂಡು ಅಂಟಿಸಿದಳು. ಉದ್ದ ಜಡೆ ಗಂಟುಗಂಟಾಯಿತು. ಬಾಚಲು ಹೋದ ಅವ್ವನ ಕೈಯನ್ನು ತಳ್ಳಿದಳು. “ಬಸ್ಸಿನ್ಯಾಗ ಎಲ್ಲಾರೂ ನನ್ನ ಬಗ್ಗೆನ ಮಾತಾಡ್ತಾರ” ಎಂದು ಕಾಲೇಜು ಬಿಟ್ಟು ಕೂತಳು.

ಒಂದೊಂದಕ್ಕೂ ನಮ್ಮ ಬಳಿ ಒಂದೊಂದು ಕಾರಣವಿತ್ತು. ಅಪ್ಪ ಪರೀಕ್ಷೆಯ ಅಂಜಿಕೆ ಎಂದ. ಅವ್ವ ದೃಷ್ಟಿ ತೆಗೆದಳು. ಯಾವನೋ ಹುಡುಗ ಇರಬೇಕೆಂದು ನಾನು ಅವಳ ಗೆಳತಿಯರನ್ನು ವಿಚಾರಿಸಿಬಂದೆ, ಯಾರೂ ಇರಲಿಲ್ಲ. ಕಡೆಗೆ ಓಣಿಯ ಹಿರಿಯರೆಲ್ಲ ಹೇಳಿದ ಮದ್ದು ಒಂದೇ: ಮದುವೆ. ದೂರದ ಊರಿನಿಂದ ಒಂದು ಸಂಬಂಧವೂ ಕೂಡಿಬಂತು.

ಮಾತು ಮುಂದುವರಿಸಲು ಹುಡುಗನ ದೊಡ್ಡಪ್ಪ ಬಂದದ್ದು ಒಂದು ಭಾನುವಾರ. ಮಾವನೂ ಇದ್ದ. ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತೆವು. ತಂಗಿ ತನ್ನ ತಾಟನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ನೋಡಿ, ಮಾವ ಅರ್ಧ ತಿಂದಿದ್ದ ರೊಟ್ಟಿಯಿಂದ ಒಂದು ತುಂಡು ಮುರಿದುಕೊಂಡು ತಿಂದಳು.

ದೊಡ್ಡಪ್ಪ ನಕ್ಕರು. “ಮಾವನ ಮ್ಯಾಲೆ ಭಾಳ ಜೀವ ಐತಿ ಹುಡುಗಿದು.”

ನಾವೂ ನಕ್ಕೆವು. ಮಾವ ನಗಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ. ತಂಗಿ ಕಿಟಕಿಯ ಕಡೆ ಕತ್ತು ವಾಲಿಸಿ, ಯಾರೋ ಹೇಳಿದ್ದನ್ನು ಕೇಳಿಸಿಕೊಂಡವಳಂತೆ ತುಟಿ ಅಲ್ಲಾಡಿಸಿದಳು. ಹೊರಗೆ ಯಾರೂ ಇರಲಿಲ್ಲ.

ಮಾವ ತಾಟು ಸರಿಸಿ, ತೀರ ಮೆಲ್ಲಗೆ ಕೇಳಿದ: “ಯವ್ವಾ, ಏನಂತಾರ ಅವರು?”

ತಂಗಿ ತಟ್ಟನೆ ಅವನ ಕಡೆ ತಿರುಗಿದಳು. ಎಷ್ಟೋ ದಿನಗಳ ಮೇಲೆ ಅವಳ ಕಣ್ಣು ಇನ್ನೊಬ್ಬರ ಕಣ್ಣಲ್ಲಿ ನಿಂತಿತು.

“ನಿನಗೂ ಕೇಳಸ್ತದೇನು ಮಾವ?”

“ಈಗ ಕೇಳಸೂದಿಲ್ಲ. ಮೊದಲ ಕೇಳಸ್ತಿತ್ತು.”

“ಊಟದಾಗ ಏನೋ ಹಾಕ್ಯಾರ, ತಿನ್ನಬ್ಯಾಡ ಅಂತಾರ.”

“ನನಗೂ ಹಂಗ ಅಂತಿದ್ರು.”

ನೆಂಟರ ಮುಂದೆ ಇದೆಲ್ಲ ಬೇಡವೆಂದು ಅಪ್ಪ ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದ. ಮಾವ ಅದನ್ನು ನೋಡಿಯೂ ನಿಲ್ಲಿಸಲಿಲ್ಲ.

“ಅಕ್ಕಾ, ಈಕಿ ಮದುವಿ ಮಾತು ಇವತ್ತ ಬಿಡ್ರಿ. ನನಗೂ ಹಿಂಗ ಸುರು ಆಗಿತ್ತು. ಮದುವಿ ಮಾಡಿದ್ರ ಸರಿಹೋಗ್ತಾನ ಅಂದ್ರು. ಮಾಡಿದ್ರು. ಹೆಂಡ್ತಿ ರೊಟ್ಟಿ ಹಾಕಿದ್ರ ವಿಷ ಅಂತ ತಾಟು ಒಗದೆ. ಆಕಿನ್ನ ಹೊರಗ ಹಾಕಿ ಚಿಲಕ ಹಾಕ್ಕೊಂಡೆ.”

“ಸಾಕು ಬಿಡೋ ತಮ್ಮಾ” ಎಂದಳು ಅವ್ವ. “ಸತ್ತಾಕಿ ಮಾತು ಈಗ್ಯಾಕ?”

“ಎಲ್ಲಿ ಸತ್ತಾಳ? ನರಗುಂದದಾಗ ಅದಾಳ. ಬ್ಯಾರೆ ಮದುವಿ ಆಗಿ, ಮಕ್ಕಳನ್ನ ಕಟ್ಟಿಕೊಂಡು ಚಲೋ ಅದಾಳ. ಇರಲಿ ಪಾಪ. ಅದರಾಗ ಆಕಿದೇನೂ ತಪ್ಪಿಲ್ಲ.” ಆಮೇಲೆ ಕಿಸೆಯಿಂದ ಗುಳಿಗಿಯ ಪಟ್ಟಿ ತೆಗೆದು ನೆಲದ ಮೇಲಿಟ್ಟ. “ಇದು ಬಿಪಿದಲ್ಲ. ತಲಿದು. ಕೈ ನಡಗೂದೂ ಇದರಿಂದನ. ಮೊದಲ ನಾಕ ವರ್ಷ ದೇವರು, ದರ್ಗಾ, ತಾಯಿತ ಅಂತ ತಿರಗಿಸಿದ್ರು. ಅದರಾಗ ಎಲ್ಲಾ ಹೋತು. ಈಕಿದು ಹಂಗ ಹೋಗೂದು ಬ್ಯಾಡ. ನನಗಾದದ್ದ ಈಕಿಗೆ ಆಗೈತೋ ಇಲ್ಲೋ, ಅದನ್ನ ಡಾಕ್ಟರು ಹೇಳಬೇಕು. ನಾಳೆನ ಕರ್ಕೊಂಡು ಹೋಗೋಣು.”

ನಾನು ಅವನ ತೊಡೆಯ ಮೇಲೆ ಬೆಳೆದವನು. ಈ ಮಾತುಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಬದುಕಿರುವ ಹೆಂಗಸನ್ನು ನಮ್ಮ ಮನೆ ಇಷ್ಟು ವರ್ಷ ಸತ್ತವಳೆಂದು ಹೇಳಿಕೊಂಡು ಬಂದಿತ್ತು. ಮುಂದೆ ಬಹಳ ದಿನ ನನ್ನನ್ನು ನಡುಗಿಸಿದ್ದು ಬೇರೆಯೇ ಸಂಗತಿ: ನನ್ನ ಮಗ್ಗುಲಲ್ಲೇ ಕೂತ ತಂಗಿಯ ಕಿವಿಯಲ್ಲಿ ತಿಂಗಳುಗಟ್ಟಲೆ ಯಾರೋ ಮಾತಾಡುತ್ತಿದ್ದರು, ನಾನು ಅವಳ ಗೆಳತಿಯರ ಬಳಿ ಹುಡುಗರ ಹೆಸರು ಕೇಳುತ್ತಾ ತಿರುಗಿದ್ದೆ.

ದೊಡ್ಡಪ್ಪ ಕೈತೊಳೆದು “ಬರ್ತೇನ್ರಿ” ಎಂದು ಎದ್ದವರು ಮತ್ತೆ ಬರಲಿಲ್ಲ.

ಮರುದಿನ ಗದಗಿನ ದವಾಖಾನೆಗೆ ಹೋದೆವು. ತಂಗಿ ಬಸ್ಸು ಹತ್ತಲು ಒಪ್ಪಲಿಲ್ಲ. ಮಾವ ಬಾಡಿಗೆ ಕಾರು ಮಾಡಿಸಿ, ಕಿಟಕಿಯ ಪಕ್ಕ ತಾನು ಕೂತು, ಅವಳನ್ನು ಒಳಗೆ ಕೂರಿಸಿಕೊಂಡ. ದಾರಿಯುದ್ದಕ್ಕೂ ಅವಳು ಏನು ಹೇಳಿದರೂ ಸುಳ್ಳೆನ್ನಲಿಲ್ಲ, ಖರೆ ಎಂದೂ ಅನ್ನಲಿಲ್ಲ. “ನಿನಗ ಅಂಜಿಕಿ ಆಗೇತಿ, ಅದು ಖರೇನ” ಎಂದಷ್ಟೇ ಹೇಳುತ್ತಿದ್ದ. ಮನೋವೈದ್ಯೆ ಬಹಳ ಹೊತ್ತು ಅವಳೊಡನೆ ಮಾತಾಡಿದರು, ನಮ್ಮನ್ನೂ ಒಬ್ಬೊಬ್ಬರನ್ನಾಗಿ ಕೇಳಿದರು. ಕೊನೆಗೆ ಮಾವನ ರೋಗದ ಹೆಸರನ್ನೇ ಹೇಳಿದಾಗ ಅಪ್ಪ ಅದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡ. “ಲಗೂ ಬಂದೀರಿ, ಅದು ಚಲೋ ಆತು” ಎಂದರು ವೈದ್ಯೆ. ತಿಂಗಳುಗಟ್ಟಲೆ ಕಳೆದುಬಂದ ನಮಗೆ, ಬೇಗ ಬಂದಿದ್ದೇವೆಂಬ ಮಾತು ಆ ಹೊತ್ತಿಗೆ ಅರ್ಥವೇ ಆಗಲಿಲ್ಲ.

ತಂಗಿ ಒಮ್ಮೆಲೇ ಸರಿಹೋದಳೆಂದರೆ ಸುಳ್ಳಾದೀತು. ಮೊದಮೊದಲು ಬರೀ ನಿದ್ದೆ. ಗುಳಿಗಿಗೆ ಮೈ ದಪ್ಪಗಾಯಿತು, ಅದಕ್ಕೆ ಅತ್ತಳು. ಒಂದು ವರ್ಷ ಓದು ನಿಂತಿತು. ನಡುವೆ ಆರಾಮವಾಗಿದೆಯೆಂದು ತಾನೇ ಗುಳಿಗಿ ಬಿಟ್ಟಾಗ ಆ ದನಿಗಳು ಮತ್ತೆ ಬಂದವು. ಆಗಲೂ ಮಾವ ಬೈಯಲಿಲ್ಲ. “ನಾನೂ ಎರಡು ಸಲ ಬಿಟ್ಟು ನೋಡೇನಿ. ನೀ ಒಂದ ಸಲಕ್ಕ ಬುದ್ಧಿ ಕಲ್ತಿ” ಎಂದು ನಗಿಸಿದ. ಔಷಧ ಬದಲಾಯಿತು, ಆಮೇಲೆ ಡಿಗ್ರಿ ಮುಗಿಸಿದಳು. ಈಗ ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ.

ಮಾವನಿಗೆ ಮಾತ್ರ ಆ ಭಾನುವಾರದ ಮಾತು ತುಟ್ಟಿಯಾಯಿತು. ಸುದ್ದಿ ಊರಲ್ಲಿ ಹಬ್ಬಿತು. ‘ತಲಿ ಕೆಟ್ಟವನ ಕೈಯಾಗ ಕರೆಂಟಿನ ಕೆಲಸ’ ಎಂದು ಕೆಲವರು ಮೋಟಾರುಗಳನ್ನು ರೋಣಕ್ಕೆ ಒಯ್ದರು. ಅರ್ಧ ಬಿಚ್ಚಿದ ಮೋಟಾರನ್ನು ಹಾಗೇ ಟೆಂಪೋಕ್ಕೆ ಹಾಕಿಕೊಂಡು ಹೋದವರೂ ಇದ್ದರು. ಅವತ್ತು ನಾನು ಅಂಗಡಿಯಲ್ಲೇ ಇದ್ದೆ. ಸಿಟ್ಟಿನಿಂದ ಎದ್ದ ನನ್ನನ್ನು ಮಾವ ಕೈಹಿಡಿದು ಕೂರಿಸಿದ.

“ಅವರಿಗೆ ಅಂಜಿಕಿ ಐತಿ. ನನ್ನ ಕಂಡು ನಾನ ಅಂಜೇನಿ, ಅವರು ಅಂಜೂದ್ರಾಗ ಏನೈತಿ?”

ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂತವನು ಎದೆ ಹಿಡಿದುಕೊಂಡು ಒರಗಿದ. ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ಮಧ್ಯಾಹ್ನ ಒಬ್ಬ ಹೆಂಗಸು ನಮ್ಮ ಬಾಗಿಲಲ್ಲಿ ನಿಂತಳು. ಮುಶಿಗೇರಿಯವಳು, ನಮಗೆ ಗುರುತಿಲ್ಲ. ಅಂಗಡಿಗೆ ಬೀಗವಿತ್ತು, ಮೋಟಾರಿನವರು ಇಲ್ಲಿ ಸಿಗುತ್ತಾರೇನು ಎಂದು ಕೇಳಿದಳು. ತೀರಿಕೊಂಡ ಸುದ್ದಿ ಹೇಳಿದೆವು. ಅವಳು ಹೊಸ್ತಿಲ ಮೇಲೆ ಕೂತಳು.

“ನನ್ನ ಮಗ ಬಾಗಲಾ ಹಾಕ್ಕೊಂಡು ಕುಂದರ್ತಾನ್ರಿ. ಅವರನ್ನ ಕೇಳ್ರಿ, ತಿಳಿಸಿ ಹೇಳ್ತಾರ ಅಂತ ನಮ್ಮೂರಾಕಿ ಒಬ್ಬಾಕಿ ಹೇಳಿದ್ಲು. ಇನ್ನ ಯಾರನ್ನ ಕೇಳ್ಲಿ?”

ಹೀಗೆ ಜನ ಅವನ ಬಳಿ ಬರುತ್ತಿದ್ದರೆಂಬುದು ನಮಗೆ ಆ ಗಳಿಗೆಯವರೆಗೂ ಗೊತ್ತಿರಲಿಲ್ಲ. ತಂಗಿ ಒಳಗಿನಿಂದ ತಂಬಿಗೆ ನೀರು ತಂದು ಆಕೆಯ ಪಕ್ಕ ನೆಲದ ಮೇಲೆ ಕೂತಳು.

“ಮೊದಲ ನೀರ ಕುಡೀರಿ. ಯಾವಾಗಿಂದ ಹಿಂಗಾಗ್ಯಾನ, ಹೇಳ್ರಿ. ನನಗೂ ಆಗಿತ್ತು.”

ಆ ತಾಯಿ ತಂಬಿಗೆ ಹಿಡಿದುಕೊಂಡು, ಕುಡಿಯುವುದನ್ನು ಮರೆತು, ನನ್ನ ತಂಗಿಯನ್ನು ತಲೆಯಿಂದ ಕಾಲಿನವರೆಗೂ ನೋಡಿದಳು.