‘ಭಾವ’ ಎಂದದ್ದೇ ಸಾಕಾಯಿತು

“ಹೆಗಡೇರೆ, ಮೊದ್ಲು ಚಾಸಿ ನಂಬರ್ ನೋಡ್ವ. ಹೋದ ವರ್ಷದ ಗಾಡೀನ ಹೊಸದು ಅಂತ ಕೊಟ್ಬಿಡ್ತಾರೆ” ಎನ್ನುತ್ತ ಲಾರಿ ಓಡಿಸುವ ಗೆಳೆಯ ಖಾದರ್, ಶಿರಸಿಯ ಶೋರೂಮಿನಲ್ಲಿ ನಾನು ಕೊಳ್ಳಲಿದ್ದ ಕಾರಿನ ಬಾನೆಟ್ ಎತ್ತಿದ. ಅಷ್ಟರಲ್ಲಿ ಸೇಲ್ಸಿನವನು ನಮ್ಮ ಮನೆಮಾತಿನಲ್ಲೇ, “ಎಂತಕ್ಕೂ ಹೆದ್ರಡಿ ಭಾವ, ಆನು ಇದ್ನಲಾ” ಎಂದು ಅಭಯ ಕೊಡುವಂತೆ ನಕ್ಕ. ನಮ್ಮವನೇ ಸಿಕ್ಕ ಎಂದು ನಾನು ಹಿಗ್ಗಿಹೋದೆ. “ನೀ ಸುಮ್ನೆ ಹೊರಗೆ ಕೂತ್ಕೋ ಮಾರಾಯ” ಎಂದು ಸೇಲ್ಸಿನವನೆದುರೇ ಖಾದರನನ್ನು ಗದರಿದೆ. ಆತ ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು ಹೊರನಡೆದ.

ಆಮೇಲೆ ಕೈಗೆ ಬಂದ ಆರ್‌ಸಿಯಲ್ಲಿ ಕಾರು ತಯಾರಾದ ತಿಂಗಳು ನೋಡಿದೆ. ಗಾಡಿ ಹೋದ ವರ್ಷದ್ದೇ.

ನಿನ್ನೆ ಇಸಳೂರಿನಲ್ಲಿ ಸಿಕ್ಕ ಖಾದರ್ ಕಾರನ್ನು ಒಂದು ಸುತ್ತು ಹಾಕಿ, “ಹೊಸದೇ ಕೊಟ್ರಲ್ಲ?” ಎಂದ. “ಹೌದು” ಎಂದೆ. ಅವನಿಗೆ ನಿಜಕ್ಕೂ ಖುಷಿಯಾಯಿತು. ನನಗೆ ಅವನ ಮುಖ ನೋಡಲಾಗಲಿಲ್ಲ.