ಮಂಜಿನಂಗಳದ ಗೋಡೆಯಕ್ಕ

ಚೆಂಡು ಮಂಜಿನೊಳಗಿಂದ ಬರುತ್ತದೆ. ಅದರ ಬೆನ್ನಿಗೇ "ಸಾರಿ" ಎಂಬ ದನಿಯೂ ಬರುತ್ತದೆ. ಈ ಬದಿಯಲ್ಲಿ ನಿಂತ ಹೆಂಗಸು ತುಸು ಸರಿದು, ನಿದ್ದೆಯಲ್ಲಿರುವವರ ಕೋಣೆಯ ಬಾಗಿಲು ತೆರೆಯುವಷ್ಟು ಮೆತ್ತಗೆ ರ‍್ಯಾಕೆಟ್ ಆಡಿಸಿ, ಚೆಂಡನ್ನು ಬಂದ ದಾರಿಯಲ್ಲೇ ಮಂಜಿಗೆ ಮರಳಿಸುತ್ತಾಳೆ. ಆಚೆ ಠಪ್ಪೆಂದು ಸದ್ದು. ಮತ್ತೆ ಚೆಂಡು, ಮತ್ತೆ "ಸಾರಿ". ಹೊಡೆಯುವವರ ಮುಖ ಕಾಣುವುದಿಲ್ಲ, ಕಾಲು ಕಾಣುವುದಿಲ್ಲ, ನಡುವಿನ ಬಲೆಯೂ ಅರ್ಧ ಕರಗಿಹೋಗಿದೆ. ಆದರೂ ಅವಳು ಕಳಿಸಿದ ಒಂದೊಂದು ಚೆಂಡೂ ಆಚೆಯವರ ರ‍್ಯಾಕೆಟ್ಟನ್ನು ಹುಡುಕಿಕೊಂಡು ಹೋಗಿ ಮುಟ್ಟುತ್ತದೆ, ಮನೆಯ ಗುರುತಿರುವ ಬೆಕ್ಕಿನ ಹಾಗೆ.

"ಸಾರಿ ಯಾಕೆ ಸಾರ್? ಚೆಂಡಿಗೇನೂ ನೋವಾಗಿಲ್ಲ," ಎನ್ನುತ್ತಾಳೆ ಅವಳು.

"ಅಭ್ಯಾಸ ಕಣಮ್ಮ. ಹಲ್ಲು ಕೀಳೋವಾಗ ಹೇಳಿ ಹೇಳಿ ನಾಲಿಗೆಗೆ ಅಂಟಿಬಿಟ್ಟಿದೆ," ಎನ್ನುತ್ತದೆ ಮಂಜು. ಆಚೆ ಇರುವವರು ನಿವೃತ್ತ ದಂತವೈದ್ಯರು.

ಸುತ್ತಮುತ್ತಲಿನವರಿಗೆ ಇವಳು ಗೋಡೆಯಕ್ಕ. ಏನು ಹೊಡೆದರೂ ವಾಪಸ್ಸು ಬರುತ್ತದೆ ಎಂದು ಯಾರೋ ತಮಾಷೆಗೆ ಕರೆದದ್ದು ಹಾಗೇ ಉಳಿದುಕೊಂಡಿದೆ. ಮುಚ್ಚಿಹೋದ ನೂಲಿನ ಗಿರಣಿಯ ಹಿಂಭಾಗದಲ್ಲಿ ಒಂದೇ ಒಂದು ಟೆನಿಸ್ ಅಂಗಳ. ಸಿಮೆಂಟಿನ ಬಿರುಕುಗಳಿಗೆ ಅವಳೇ ತೇಪೆ ಹಾಕಿದ್ದಾಳೆ. ಮೇಲಿಂದ ನೋಡಿದರೆ ಯಾವುದೋ ನದಿಯ ನಕ್ಷೆಯಂತೆ ಕಂಡೀತು. ಗೇಟಿಗೆ ತಗುಲಿಸಿದ ಹಲಗೆಯ ಮೇಲೆ ಬಣ್ಣದ ಅಕ್ಷರಗಳು: "ಟೆನಿಸ್ ಕಲಿಸಲಾಗುವುದು. ಒಬ್ಬೊಬ್ಬರಿಗೇ. ಏನೂ ಬಾರದವರೂ ಬರಬಹುದು."

ಬರುತ್ತಾರೆ ಕೂಡ. ರಾತ್ರಿಪಾಳಿ ಮುಗಿಸಿದ ಬಸ್ಸಿನ ಡ್ರೈವರ್ ಡಿಪೋದಿಂದ ನೇರ ಬಂದು, ಸ್ಟೇರಿಂಗ್ ತಿರುಗಿಸಿದ ಹಾಗೆ ಎರಡೂ ಕೈಯಲ್ಲಿ ರ‍್ಯಾಕೆಟ್ ಸುತ್ತಿಸಿ ಚೆಂಡು ಹೊಡೆಯುತ್ತಾನೆ. ಬ್ಯಾಂಕಿನ ಗುಮಾಸ್ತೆಯೊಬ್ಬಳು ಮಗುವನ್ನು ತಳ್ಳುಗಾಡಿಯಲ್ಲಿ ಬಲೆಯ ಕಂಬದ ಪಕ್ಕ ಮಲಗಿಸಿ, ಅದು ಎಚ್ಚರವಾಗುವವರೆಗೆ ಆಡುತ್ತಾಳೆ. ಹೊಸಬರಿಗೆ ಮೊದಲ ಕೆಲವು ದಿನ ರ‍್ಯಾಕೆಟ್ ಇಲ್ಲ, ಬರಿಗೈಯಲ್ಲಿ ಚೆಂಡು ಹಿಡಿಯಬೇಕು. ಅವರ ಅಂಗೈ ಎಲ್ಲಿದೆಯೋ ಅಲ್ಲಿಗೇ ಚೆಂಡು ಬಂದು ಕೂರುತ್ತದೆ. "ನಾವು ಚೆಂಡಿನ ಹತ್ರ ಓಡೋದು ಆಮೇಲೆ. ಮೊದ್ಲು ಅದು ನಮ್ಮ ಹತ್ರ ಬರ್ಬೇಕು. ಆಗ್ಲೇ ಹೆದರಿಕೆ ಬಿಡೋದು," ಎನ್ನುತ್ತಾಳೆ ಗೋಡೆಯಕ್ಕ.

ಅವಳಿಗೆ ಹೀಗೆ ಕಲಿಸಿದವರು ಯಾರೂ ಇಲ್ಲ. ಹರೆಯದಲ್ಲಿ ಇದೇ ಗಿರಣಿಯಲ್ಲಿ ಕಡಿದ ಎಳೆಗಳನ್ನು ಗಂಟು ಹಾಕುವ ಕೆಲಸ ಅವಳದು. ಹಿಂದಿನ ಅಂಗಳ ಅಧಿಕಾರಿಗಳಿಗೆಂದು ಕಟ್ಟಿಸಿದ್ದು. ಊಟದ ಬಿಡುವಿನಲ್ಲಿ ಅದು ಬಿಸಿಲು ಕಾಯುತ್ತ ಖಾಲಿ ಬಿದ್ದಿರುತ್ತಿತ್ತು. ಯಾರೋ ಎಸೆದ, ತಂತಿ ಸಡಿಲಾದ ರ‍್ಯಾಕೆಟ್ಟೊಂದು ಸಿಕ್ಕಿತು. ಜೊತೆಗೆ ಆಡುವವರು ಸಿಗಲಿಲ್ಲ, ಗಿರಣಿಯ ಗೋಡೆ ಸಿಕ್ಕಿತು. ಒಳಗೆ ನೂಲು ಸುತ್ತುವ ಸಾವಿರ ಕದಿರುಗಳು ಗುಂಯ್‌ಗುಡುತ್ತಿದ್ದರೆ ಹೊರಗೆ ಅವಳು ಆ ಗೋಡೆಯೊಂದಿಗೆ ಮಾತಿಗಿಳಿದಂತೆ ಆಡುತ್ತಿದ್ದಳು. "ಗೋಡೆಗೆ ಗೆಲ್ಲೋ ಆಸೆ ಇರಲ್ಲ. ನಾವು ಹೇಗೆ ಕೊಟ್ರೆ ಹಾಗೆ ವಾಪಸ್ ಕೊಡುತ್ತೆ. ಅಷ್ಟು ಒಳ್ಳೆ ಜೊತೆಗಾರ ಇನ್ಯಾರು ಸಿಗ್ತಾರೆ ಹೇಳಿ?"

ಗಿರಣಿ ಮುಚ್ಚಿತು. ಅವಳ ಯಂತ್ರವನ್ನು ಲಾರಿಗೆ ಹೇರುವಾಗ ಅದರ ತುದಿಗೆ ಒಂದು ಎಳೆ ಇನ್ನೂ ಅಂಟಿಕೊಂಡಿತ್ತಂತೆ. ಲಾರಿ ಗೇಟು ದಾಟುವವರೆಗೂ ಅದು ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಳ್ಳುತ್ತಲೇ ಇತ್ತಂತೆ. ಆಮೇಲಿನ ಕೆಲವು ವರ್ಷ ಗಂಡನ ಕ್ಷೌರದಂಗಡಿಯೇ ಮನೆ ನಡೆಸಿತು. ಈಗ ಗಿರಣಿಯೊಳಗೆ ಯಾರದೋ ಹಳೆಯ ಕುರ್ಚಿ ಮೇಜುಗಳ ಗೋದಾಮಿದೆ. ಆವರಣ ಗುಡಿಸಿಕೊಂಡಿದ್ದರೆ ಅಂಗಳ ನಿನ್ನದೇ ಎಂದು ಮಾಲೀಕ ಬಿಟ್ಟುಕೊಟ್ಟಿದ್ದಾನೆ.

ಗಂಡ ಗಿರಾಕಿಗಳ ನಡುವಿನ ಬಿಡುವಿನಲ್ಲಿ ರ‍್ಯಾಕೆಟ್ಟುಗಳಿಗೆ ತಂತಿ ಬಿಗಿಯುತ್ತಾನೆ. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ಅವನದೊಂದು ಸಿದ್ಧ ಉತ್ತರವಿದೆ: "ನನ್ನ ಗಿರಾಕಿಗಳು ತಲೆ ಕೊಟ್ಟು ಕೂತ್ಕೋತಾರೆ. ಇವಳ ಗಿರಾಕಿಗಳು ತಲೆ ತಪ್ಪಿಸ್ಕೊಂಡು ಓಡ್ತಾರೆ."

ದಂತವೈದ್ಯರ ಕತೆಯನ್ನೂ ಅವನೇ ಎಲ್ಲರಿಗೂ ಹೇಳುವುದು. ಇಲ್ಲಿ ಒಂದು ಚೆಂಡೂ ಬಿಡದ ಅವರು, ಕೈ ಕುದುರಿತೆಂಬ ಧೈರ್ಯದಲ್ಲಿ ಭಾವಮೈದುನನನ್ನು ಆಟಕ್ಕೆ ಕರೆದರು. ಒಂದು ಚೆಂಡನ್ನೂ ಮುಟ್ಟಲಾಗದೆ ಮರಳಿ ಬಂದು ದೂರಿದರು: "ಅವನಿಗೆ ಆಡೋಕೇ ಬರಲ್ಲ ಕಣಮ್ಮ. ನಾನಿರೋ ಕಡೆ ಹೊಡೆಯೋದೇ ಇಲ್ಲ." ಅಂಗಳವೆಲ್ಲ ನಕ್ಕಿತು. ಗೋಡೆಯಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನಿಂತದ್ದು ಈ ವರ್ಷ, ಮಿಡತೆ ಸೋತಾಗ.

ಮಿಡತೆ ಅವಳ ಶಿಷ್ಯೆ, ನರ್ಸಮ್ಮನ ಮಗಳು. ಬಲೆಗಿಂತ ಗಿಡ್ಡಗಿದ್ದಾಗ ಬಂದವಳು ಈಗ ಅಕ್ಕನಿಗಿಂತ ಎತ್ತರ. ನಿಂತಲ್ಲಿ ನಿಲ್ಲದ ಕಾಲು, ಅದಕ್ಕೇ ಆ ಹೆಸರು. ಉಳಿದವರಿಗೆಲ್ಲ ಗೋಡೆಯಕ್ಕ ಚೆಂಡು ಕೊಡುತ್ತಾಳೆ, ಇವಳೊಂದಿಗೆ ಮಾತ್ರ ಆಡುತ್ತಾಳೆ. ದಿನದಲ್ಲಿ ಅವಳ ಹಣೆ ಬೆವರುವುದು ಆ ಒಂದು ಹೊತ್ತಿನಲ್ಲೇ. ಇಬ್ಬರ ನಡುವೆ ಚೆಂಡು ಹೋಗುತ್ತ ಬರುತ್ತ, ಹೋಗುತ್ತ ಬರುತ್ತ, ಕೊನೆಗೆ ಯಾರು ಹೊಡೆದದ್ದು ಯಾರಿಗೆ ಬಂತೆಂಬುದೂ ಮರೆತು, ಅಂಗಳವೇ ನಿಧಾನಕ್ಕೆ ಉಸಿರಾಡುತ್ತಿರುವಂತೆ ಅನ್ನಿಸುತ್ತದೆ. ನೋಡುತ್ತ ಕೂತ ಡ್ರೈವರ್ ಎಷ್ಟೋ ಬಾರಿ ಅಲ್ಲೇ ನಿದ್ದೆಹೋಗಿದ್ದಾನೆ.

ಬೇರೆ ಊರಿನ ಪಂದ್ಯದಲ್ಲಿ ಮಿಡತೆಯ ಎದುರಿಗೆ ನಿಂತವಳು ಕುಳ್ಳಗಿನ ಹುಡುಗಿ. ಅವಳ ಹೊಡೆತದಲ್ಲಿ ಅಂಥ ಬಲವೇನೂ ಇರಲಿಲ್ಲ. ಮಿಡತೆ ಬಲಕ್ಕಿದ್ದರೆ ಎಡಕ್ಕೆ, ಹಿಂದಿದ್ದರೆ ಮುಂದಕ್ಕೆ, ಅಷ್ಟೇ. ಮಿಡತೆ ಹೆಜ್ಜೆ ಕೀಳುವಷ್ಟರಲ್ಲಿ ಚೆಂಡು ಬಿದ್ದು ಎದ್ದು ಹೋಗಿರುತ್ತಿತ್ತು. ಅವಳು ಖಾಲಿ ಜಾಗವನ್ನು ನೋಡುತ್ತ ನಿಂತಳು, ಕಾಲಿಡಬೇಕೆಂದಿದ್ದ ಮೆಟ್ಟಿಲನ್ನು ಯಾರೋ ತೆಗೆದುಬಿಟ್ಟ ಹಾಗೆ. ಮರಳುವಾಗ ಬಸ್ಸಿನ ಕಿಟಕಿಗೆ ಹಣೆ ಆನಿಸಿ ಅವಳು ಅಂದದ್ದು ಒಂದೇ ಮಾತು: "ಅಕ್ಕ, ಅವಳು ನಾನಿಲ್ಲದ ಕಡೆಗೇ ಹೊಡೀತಿದ್ಲು."

ಮಾರನೆಯ ಬೆಳಿಗ್ಗೆ ಗೋಡೆಯಕ್ಕ ಬಲೆಯಾಚೆಯ ಮೂಲೆಯಲ್ಲಿ ಒಂದು ಬಕೆಟ್ ಇಟ್ಟಳು. ಆಚೆ ಯಾರೂ ಇಲ್ಲದಿದ್ದಾಗ ಹೊಡೆದ ಚೆಂಡೆಲ್ಲ ಬಕೆಟ್ಟಿಗೇ. ಮಿಡತೆ ಬಂದು ಇನ್ನೊಂದು ಮೂಲೆಯಲ್ಲಿ ನಿಂತಳೋ, ಚೆಂಡು ಬಕೆಟ್ಟನ್ನು ಮರೆತು ಮಿಡತೆಯ ರ‍್ಯಾಕೆಟ್ಟಿಗೇ ಹೋಯಿತು. ಕಣ್ಣು ಬೇರೆಡೆ ಇಟ್ಟು ಹೊಡೆದಳು. ಎಡಗೈಯಲ್ಲಿ ಹೊಡೆದಳು. ಮಿಡತೆ ಮೊದಮೊದಲು ಕಿಸಕ್ಕನೆ ನಗುತ್ತಿದ್ದಳು, ಆಮೇಲೆ ನಗಲಿಲ್ಲ. ಗೋಡೆಯಕ್ಕನ ಕನಸಿನಲ್ಲೂ ಅದೇ: ಗೆರೆಗಳಿಲ್ಲದ ಅಂಗಳ, ಅವಳು ಯಾವ ದಿಕ್ಕಿಗೆ ಹೊಡೆದರೂ ಅಲ್ಲಿ ಹುಡುಗಿ ಆಗಲೇ ನಿಂತಿದ್ದಾಳೆ.

"ಕೈ ಹೇಳಿದ ಮಾತು ಕೇಳಲ್ಲ ಕಣ್ರಿ," ಎಂದಳು ಗಂಡನಿಗೆ. "ಇಷ್ಟು ವರ್ಷ ಅವಳಿಗೆ ಆಟ ಕಲಿಸಿದೆ ಅಂದ್ಕೊಂಡಿದ್ದೆ. ನನ್ನ ಜೊತೆ ಆಡೋದು ಮಾತ್ರ ಕಲಿಸಿದ್ದೀನಿ."

ಗಂಡನಿಗೆ ಆ ದಿನ ತಮಾಷೆ ಹೊಳೆಯಲಿಲ್ಲ.

ಮಿಡತೆ ಸೋತ ಪಂದ್ಯವನ್ನು ನದಿಯಾಚೆಯ ದೊಡ್ಡ ತರಬೇತಿ ಕೇಂದ್ರದವರು ನೋಡಿದ್ದಾರೆ. ಕಾಲು ಚೆನ್ನಾಗಿದೆ, ಇನ್ನೂ ತಡವಾಗಿಲ್ಲ, ಕಳಿಸಿಕೊಡಿ ಎಂದಿದ್ದಾರೆ. ಅಕ್ಕ ಇಲ್ಲದೆ ಹೋಗುವುದಿಲ್ಲ ಎಂದು ಹುಡುಗಿ ಪಟ್ಟು ಹಿಡಿದು ಕೂತಳು. ಕೇಂದ್ರದವರು ಅದಕ್ಕೂ ಒಪ್ಪಿದ್ದಾರೆ. ಆ ಸುದ್ದಿ ಹೊತ್ತು ತಾಯಿ ಮಗಳು ಒಂದು ಸಂಜೆ ಅಂಗಳಕ್ಕೆ ಬರುತ್ತಾರೆ. ಬಿಸಿಲು ಹಳದಿಯಾಗಿ, ಜೇನಿನಷ್ಟು ನಿಧಾನವಾಗಿ ಸಿಮೆಂಟಿನ ಮೇಲೆ ಹರಿಯುತ್ತಿದೆ. ಡ್ಯೂಟಿಯ ಬಿಳಿ ಬಟ್ಟೆಯಲ್ಲೇ ಬಂದ ನರ್ಸಮ್ಮ ಒಂದೊಂದಾಗಿ ವಿವರಿಸುತ್ತಾಳೆ. ಅಲ್ಲಿ ಅಂಗಳಕ್ಕೆ ಚಾವಣಿ ಇದೆ. ಗುಡಿಸುವವರು ಬೇರೆ ಇದ್ದಾರೆ. ಇರಲು ಎರಡು ಕೋಣೆ, ಗಂಡನೂ ಬರಬಹುದು. ಊರೂರಿನ ಪಂದ್ಯಗಳಿಗೆ ಮಿಡತೆಯ ಜೊತೆ ಹೋಗಬಹುದು.

ಗೋಡೆಯಕ್ಕ ಚಾವಣಿಯ ಕೆಳಗಿನ ಅಂಗಳವನ್ನು ಮನಸ್ಸಿನಲ್ಲೇ ಒಮ್ಮೆ ಸುತ್ತಿ ಬರುತ್ತಾಳೆ. ಅಲ್ಲಿ ಚೆಂಡಿನ ಸದ್ದು ಮಾರ್ದನಿಗೊಂಡು ಎರಡು ಸಲ ಕೇಳಿಸುತ್ತಿರಬೇಕು. ಅದನ್ನು ಕೇಳುವ ಆಸೆ ಅವಳ ಮುಖದ ಮೇಲೆ ಮುಚ್ಚುಮರೆಯಿಲ್ಲದೆ ಹಾದುಹೋಗುತ್ತದೆ.

"ನಾನು ಬರಲ್ಲ ನರ್ಸಮ್ಮ. ಇವಳನ್ನ ಕಳಿಸಿ."

"ಅದ್ಯಾಕೆ? ಇವಳೇನು ನಿನಗೆ ಬೇರೆಯವಳಾ?"

"ಅಲ್ವಲ್ಲ, ಅದಕ್ಕೇ. ನಾನು ಅಲ್ಲಿದ್ರೆ ಸೋತ ದಿನವೆಲ್ಲ ನನ್ನ ಹತ್ರ ಓಡಿ ಬರ್ತಾಳೆ. ನಾನು ಇವಳ ಕೈಗೇ ಚೆಂಡು ಕೊಡ್ತೀನಿ. ಇವಳಿಗೆ ಹಿತವಾಗುತ್ತೆ, ನನಗೂ ಹಿತವಾಗುತ್ತೆ. ಇವಳ ಆಟ ಮಾತ್ರ ಇಲ್ಲೇ ನಿಂತುಬಿಡುತ್ತೆ."

ಮಿಡತೆ ನಡುವೆ ಬಾಯಿ ಹಾಕುತ್ತಾಳೆ. "ಹಾಗಾದ್ರೆ ನಾನೂ ಹೋಗಲ್ಲ. ನಾಳೆ ಬೆಳಿಗ್ಗೆ ಇಲ್ಲಿಗೇ ಬರ್ತೀನಿ."

"ಬಾ. ನಾನು ರ‍್ಯಾಕೆಟ್ ಮುಟ್ಟಲ್ಲ."

ಹುಡುಗಿ ಚೀಲದಿಂದ ಒಂದು ಹೊಸ ಚೆಂಡು ತೆಗೆದು, ರ‍್ಯಾಕೆಟ್ಟಿನ ತಂತಿಗಳ ಮೇಲೆ ಇಟ್ಟು, ತಟ್ಟೆ ನೀಡಿದ ಹಾಗೆ ಮುಂದೆ ಚಾಚುತ್ತಾಳೆ. "ಇವತ್ತೊಂದು ಸಲ ಆಡೋಣ ಅಕ್ಕ. ಕೊನೇದು. ಆಮೇಲೆ ಹೋಗ್ತೀನಿ, ನಿಜವಾಗ್ಲೂ."

ಗೋಡೆಯಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ.

"ಬೇಡ," ಎನ್ನುತ್ತಾಳೆ.